ದೊಡ್ಡ ಹಾವಿಗೆ ಯಾವ ಕೊಕ್ಕೆ? ಮೂರು ಬಗೆಯವನ್ನು ಬಳಸಿ ನೋಡಿದ ಮೇಲೆ

ಸಾಕಿದ ದೊಡ್ಡ ಹಾವು ಮನೆಯವರನ್ನು ಕಚ್ಚುವುದು ಬಹುಪಾಲು ಸಿಟ್ಟಿಗಲ್ಲ, ಊಟ ಬಂತೆಂದು ತಪ್ಪು ತಿಳಿದು. ಗೂಡಿನ ಬಾಗಿಲು ಸರಿದಾಗಲೆಲ್ಲ ಇಲಿ ಬಂದಿದ್ದರೆ, ಬಾಗಿಲು ತೆರೆದ ಮೇಲೆ ಒಳಗೆ ಬರುವ ಬೆಚ್ಚಗಿನ ವಸ್ತುವೆಲ್ಲ ಅದಕ್ಕೆ ಇಲಿಯೇ. ಹೆಬ್ಬಾವಿನ ಜಾತಿಯ ಬಹುತೇಕ ಹಾವುಗಳಿಗೆ ತುಟಿಯಂಚಿನಲ್ಲೇ ಶಾಖ ಗುರುತಿಸುವ ಗುಳಿಗಳಿರುತ್ತವೆ. ಹೆಬ್ಬಾವಿನಂತೆಯೇ ಬಿಗಿದು ಕೊಲ್ಲುವ ಹೊರದೇಶದ ಹಾವು ಬೋವಾಗೆ ಕಣ್ಣಿಗೆ ಕಾಣುವ ಗುಳಿ ಇಲ್ಲದಿದ್ದರೂ ಶಾಖ ತಿಳಿಯುತ್ತದೆ. ಬರಿಗೈ ಒಳಗೆ ಹೋದರೆ ಅದಕ್ಕೆ ಮೊದಲು ಗೊತ್ತಾಗುವುದು ಕೈಯ ಬಿಸಿ. ತಣ್ಣಗಿರುವ ಲೋಹದ ಕೊಕ್ಕೆ, ಅಂದರೆ ತುದಿ ಬಾಗಿದ ಉದ್ದ ಕೋಲು, ಕೈಗಿಂತ ಮೊದಲು ಹೋಗಿ ಮೈ ಮುಟ್ಟಿದರೆ, ಈಗ ಬಂದದ್ದು ಊಟವಲ್ಲ ಎಂದು ಹಾವಿಗೆ ತಿಳಿಯುತ್ತದೆ. ಕೊಕ್ಕೆಯ ಮೊದಲ ಕೆಲಸ ಇದು. ಎತ್ತುವುದು ಎರಡನೆಯದು. ಈ ವಿಮರ್ಶೆಯಲ್ಲಿ ಪ್ರತಿ ಕೊಕ್ಕೆಯನ್ನೂ ಅದೇ ಕ್ರಮದಲ್ಲಿ ತೂಗಿದ್ದೇವೆ.

ಅದಕ್ಕೂ ಮೊದಲು ಯಾವ ಹಾವು ಎಂಬುದು ಇತ್ಯರ್ಥವಾಗಬೇಕು. ಮಂಡ್ಯದ ಕಬ್ಬಿನ ಗದ್ದೆಯಲ್ಲೋ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೋ ಸಿಗುವ ಹೆಬ್ಬಾವಿನ ಮರಿಯನ್ನು ಮನೆಗೆ ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮಣ್ಣುಮುಕ್ಕ ಹಾವು, ಕೇರೆ ಹಾವಿಗೂ ಅದೇ ಮಾತು. ಬರ್ಮೀಸ್ ಹೆಬ್ಬಾವು ನಮ್ಮ ಈಶಾನ್ಯ ರಾಜ್ಯಗಳ ಕಾಡಿನದೇ ಆದ್ದರಿಂದ ಅದೂ ಮನೆಗೆ ಬರುವಂತಿಲ್ಲ. ಗದ್ದೆಯಲ್ಲಿ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ, ಅಷ್ಟೇ. ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವು, ಬೋವಾದಂಥ ಹೊರದೇಶದ ಹಾವುಗಳು 2022ರ ತಿದ್ದುಪಡಿಯ ನಂತರ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿವೆ. 2024ರ ಫೆಬ್ರುವರಿ 28ರ ನಿಯಮಗಳ ಪ್ರಕಾರ ಅವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. "ಪೇಪರ್ ಆಮೇಲೆ ಕೊಡ್ತೀನಿ, ಹಾವು ಈಗ ತಗೊಂಡ್ಹೋಗಿ ಸಾರ್" ಎನ್ನುವವರ ಹತ್ತಿರ ಕೊಳ್ಳಬೇಡಿ.

ಹಾಗಾಗಿ ಇಲ್ಲಿ ದೊಡ್ಡ ಹಾವೆಂದರೆ ಮುಖ್ಯವಾಗಿ ಬೋವಾ. ಆರರಿಂದ ಎಂಟು ಅಡಿ, ತೂಕ ಐದಾರು ಕೆ.ಜಿ.ಯಿಂದ ಮೇಲೆ. ಬಾಲ್ ಪೈಥಾನ್ ಹೆಣ್ಣು ನಾಲ್ಕೈದು ಅಡಿಗೆ ನಿಲ್ಲುತ್ತದೆ, ಎರಡು ಕೆ.ಜಿ. ಆಸುಪಾಸು. ಅದನ್ನು ಎತ್ತಲು ಕೊಕ್ಕೆ ಬೇಡವಾದರೂ ಸೂಚನೆ ಕೊಡುವ ಅಭ್ಯಾಸಕ್ಕೆ ಬೇಕು. ಮೈಸೂರು ಮೃಗಾಲಯದ ಅನಕೊಂಡ ನೋಡಿ ಅಂಥದ್ದೇ ಬೇಕೆನ್ನುವವರಿಗೆ ನಮ್ಮ ಸಲಹೆ ಸ್ಪಷ್ಟ: ಮನೆಯಲ್ಲಿ ಬೋವಾಗಿಂತ ದೊಡ್ಡದು ಬೇಡ. ಮೃಗಾಲಯದಲ್ಲಿ ಅದನ್ನು ಒಬ್ಬರೇ ನಿಭಾಯಿಸುವುದಿಲ್ಲ, ಪಶುವೈದ್ಯರು ಆವರಣದಲ್ಲೇ ಇರುತ್ತಾರೆ.

ಈಗ ಕೊಕ್ಕೆಗಳು.

ಮೊದಲನೆಯದು ಆನ್‌ಲೈನ್‌ನಲ್ಲಿ ಎಲ್ಲರಿಗೂ ಮೊದಲು ಕಾಣುವ, ರೇಡಿಯೋ ಆಂಟೆನಾದಂತೆ ಎಳೆದು ಉದ್ದ ಮಾಡುವ ಸ್ಟೀಲ್ ಕೊಕ್ಕೆ. ಸಾವಿರದೊಳಗೆ ಸಿಗುತ್ತದೆ, ಬ್ಯಾಗಿನಲ್ಲಿ ಹಿಡಿಯುತ್ತದೆ. ದೊಡ್ಡ ಹಾವಿಗೆ ಇದು ಬೇಡ. ಪೂರ್ತಿ ಎಳೆದಾಗ ತುದಿಯ ಕೊಳವೆ ಪೆನ್ನಿನಷ್ಟು ಸಣ್ಣ. ಎರಡು ಕೆ.ಜಿ. ಬಿದ್ದರೆ ಬಾಗುತ್ತದೆ. ಬಾಗುವುದಕ್ಕಿಂತ ಕೆಟ್ಟದ್ದು ತಿರುಗುವುದು: ಕೀಲುಗಳು ಒಂದರೊಳಗೊಂದು ಸುತ್ತುವುದರಿಂದ ಹಾವು ಮೈ ಹೊರಳಿಸಿದ ತಕ್ಷಣ ಕೊಕ್ಕೆಯ ಬಾಯಿ ಕೆಳಮುಖವಾಗಿ, ಹಾವು ಟೈಲ್ಸ್ ನೆಲಕ್ಕೆ ಬೀಳುತ್ತದೆ. ಬೋವಾ ಮೂರಡಿಯಿಂದ ಬಿದ್ದರೂ ಪಕ್ಕೆಲುಬು ಮುರಿಯಬಹುದು, ಹೊರಗೆ ಏನೂ ಕಾಣದಿರಬಹುದು. ಮರಿ ಹಾವಿಗೆ, ಬಾಲ್ ಪೈಥಾನ್‌ಗೆ ಮುಟ್ಟಿ ಸೂಚನೆ ಕೊಡಲು ಮಾತ್ರ ಸಾಕು.

ಎರಡನೆಯದು ಅಲ್ಯೂಮಿನಿಯಂ ಹಿಡಿ, ಅಗಲ ಬಾಯಿಯ ಎಳೆದು ಉದ್ದ ಮಾಡಲಾಗದ ಕೊಕ್ಕೆ. ಹಿಡಿಯ ತುದಿಯಲ್ಲಿ ಗಾಲ್ಫ್ ಕೋಲಿನದಂಥ ರಬ್ಬರ್ ಹಿಡಿತ. ಉದ್ದ ಒಂದು ಮೀಟರ್, ತೂಕ ಅರ್ಧ ಕೆ.ಜಿ.ಗಿಂತ ಕಡಿಮೆ. ಸರೀಸೃಪ ಸಾಮಗ್ರಿ ಮಾರುವವರು ಬೆಂಗಳೂರಿನಿಂದಲೋ ಮುಂಬೈಯಿಂದಲೋ ಕಳಿಸುತ್ತಾರೆ, ಎರಡು ಸಾವಿರದ ಆಸುಪಾಸು. ಕೈಯಲ್ಲಿ ಹಿಡಿದಾಗ ತೂಕ ಮುಂದಕ್ಕೆ ಎಳೆಯುವುದಿಲ್ಲ, ಹಾವಿನ ಮೈ ಮೇಲೆ ಮೆಲ್ಲಗೆ ಆಡಿಸಲು ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ದೋಷ ಇರುವುದು ಜೋಡಣೆಯಲ್ಲಿ. ಸ್ಟೀಲ್ ಕೊಕ್ಕೆಯನ್ನು ಅಲ್ಯೂಮಿನಿಯಂ ಕೊಳವೆಯೊಳಗೆ ತೂರಿಸಿ ಅಂಟು ಹಾಕಿರುತ್ತಾರೆ, ಇಲ್ಲವೇ ಒಂದೇ ರಿವೆಟ್ ಹೊಡೆದಿರುತ್ತಾರೆ. ನಿತ್ಯ ಬಳಕೆಯಲ್ಲಿ ಅದು ಸಡಿಲವಾಗುತ್ತದೆ. ಬಂದ ದಿನವೇ ಕೊಕ್ಕೆಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಹಿಡಿಯನ್ನು ಎಡಕ್ಕೂ ಬಲಕ್ಕೂ ಬಲವಾಗಿ ತಿರುಚಿ ನೋಡಿ. ಕಿರ್ರೆಂದರೂ ಅಲುಗಿದರೂ ವಾಪಸ್ ಕಳಿಸಿ. ಗಟ್ಟಿಯಿದ್ದರೆ ಇಟ್ಟುಕೊಳ್ಳಿ, ಬೇಕೆನಿಸಿದರೆ ಎದುರುಬದುರು ಎರಡು ರಿವೆಟ್ ಹಾಕಿಸಿ.

ಮೂರನೆಯದು ಇಲ್ಲೇ ಮೈಸೂರಿನಲ್ಲಿ ಮಾಡಿಸುವುದು. ಬನ್ನಿಮಂಟಪದ ಕಡೆ, ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗ್ ಮಾಡುವ ಯಾವ ಫ್ಯಾಬ್ರಿಕೇಷನ್ ಅಂಗಡಿಯವರೂ ಮಾಡಿಕೊಡುತ್ತಾರೆ, ಅಳತೆ ಸರಿಯಾಗಿ ಬರೆದುಕೊಟ್ಟರೆ. ನಾವು ಕೊಡುವ ಅಳತೆ ಇದು: 304 ದರ್ಜೆಯ 19 ಮಿ.ಮೀ. ಪೈಪು 90 ಸೆಂ.ಮೀ., ಗೋಡೆ ದಪ್ಪ 1.2 ಮಿ.ಮೀ. ಅದರೊಳಗೆ 8 ಮಿ.ಮೀ. ರಾಡು ಕೂರಿಸಿ ಸುತ್ತಲೂ ಬೆಸುಗೆ. ಹೊರಗೆ ಉಳಿಯುವ ರಾಡನ್ನು ಬಗ್ಗಿಸಿದ ಮೇಲೆ ಒಟ್ಟು ಉದ್ದ ಸುಮಾರು 1.1 ಮೀಟರ್. ಕೊಕ್ಕೆಯ ಬಾಯಿ 10ರಿಂದ 12 ಸೆಂ.ಮೀ. ಅಗಲ, ತಳ ಚಪ್ಪಟೆ. ದುಂಡಗೆ ಇಂಗ್ಲಿಷಿನ ಯು ಅಕ್ಷರದಂತಿದ್ದರೆ ಹಾವಿನ ಭಾರವೆಲ್ಲ ಒಂದೇ ಬಿಂದುವಿನಲ್ಲಿ ಪಕ್ಕೆಲುಬನ್ನು ಒತ್ತುತ್ತದೆ. ತಳ ಚಪ್ಪಟೆಯಾದರೆ ಭಾರ ಹಂಚಿಹೋಗುತ್ತದೆ. ತುದಿಯನ್ನು ಕತ್ತರಿಸಿ ಹಾಗೆಯೇ ಬಿಡಬಾರದು, ಹೊರಕ್ಕೆ ಸ್ವಲ್ಪ ಸುರುಳಿ ಸುತ್ತಿಸಬೇಕು. ಪೈಪಿನ ಎರಡೂ ಬಾಯಿ ಮುಚ್ಚಿರಬೇಕು, ಇಲ್ಲವಾದರೆ ತೊಳೆದ ನೀರು ಒಳಗೆ ನಿಂತು ನಾರುತ್ತದೆ. ತೂಕ 650 ಗ್ರಾಂ ಸುಮಾರು. ಕೂಲಿ ಸೇರಿ ಅಲ್ಯೂಮಿನಿಯಂ ಕೊಕ್ಕೆಗಿಂತ ಕಡಿಮೆಗೇ ಆಗುತ್ತದೆ.

ತೆಗೆದುಕೊಳ್ಳುವ ಮುನ್ನ ಒಂದು ಪರೀಕ್ಷೆ ಅಂಗಡಿಯಲ್ಲೇ ಮಾಡಿ. ಸ್ವಲ್ಪ ಹತ್ತಿಯನ್ನು ಬೆರಳಲ್ಲಿ ಹಿಡಿದು ಬೆಸುಗೆಯ ಸುತ್ತ, ಬಾಗಿದ ಕಡೆ, ತುದಿಯ ಸುರುಳಿಯ ಒಳಗೆ ಮೆಲ್ಲಗೆ ಸವರಿ. ಬೆರಳಿಗೆ ನುಣುಪೆನಿಸಿದ ಜಾಗದಲ್ಲೂ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ ಕಡೆಯೆಲ್ಲ ಹಾವಿನ ಹೊಟ್ಟೆಯ ಹುರುಪೆ ಕಿತ್ತುಬರುತ್ತದೆ. ಗ್ರೈಂಡರ್ ಹಿಡಿದು ಬಫಿಂಗ್ ಮಾಡಿಸಿದ ಮೇಲೆ ಮತ್ತೊಮ್ಮೆ ಹತ್ತಿ ಸವರಿ. ಎರಡು ನಿಮಿಷದ ಈ ಕೆಲಸಕ್ಕೆ ಬೇಸರಪಡುವ ಅಂಗಡಿಯಾದರೆ ಬೇರೆ ಕಡೆ ಹೋಗಿ.

ಮೂರರಲ್ಲಿ ನಮ್ಮ ಆಯ್ಕೆ ಮಾಡಿಸಿದ ಸ್ಟೀಲ್ ಕೊಕ್ಕೆ. ಕೈಗೆ ಹಗುರವಾದದ್ದೇ ಬೇಕೆನ್ನುವವರಿಗೆ, ಮೊಣಕೈ ನೋವಿರುವವರಿಗೆ ಅಲ್ಯೂಮಿನಿಯಂ. ಉದ್ದ ಒಂದು ಮೀಟರಿಗಿಂತ ಕಡಿಮೆ ಬೇಡ ಎನ್ನುವುದಕ್ಕೆ ಕಾರಣವಿದೆ: ಹಾವು ತನ್ನ ಉದ್ದದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಮುನ್ನುಗ್ಗಬಲ್ಲದು. ಎಂಟಡಿ ಬೋವಾಗೆ ಅದು ನಾಲ್ಕಡಿ ತನಕ. ಒಂದು ಮೀಟರ್ ಕೊಕ್ಕೆ, ಚಾಚಿದ ತೋಳು ಎರಡೂ ಸೇರಿದರೆ ಮುಖ, ಎದೆ ಅದರ ಅಳವಿನಿಂದ ಆಚೆ ಉಳಿಯುತ್ತದೆ.

ಹಿಡಿ ಅದುಮಿದರೆ ಬಾಯಿ ಕಚ್ಚಿಕೊಳ್ಳುವ ಉದ್ದದ ಇಕ್ಕಳವನ್ನೂ ಕೆಲವರು ಸಾಕುವ ಹಾವಿಗೆ ಕೊಳ್ಳುತ್ತಾರೆ. ಮನೆಯೊಳಗೆ ಬಂದ ನಾಗರಹಾವನ್ನು ಹಿಡಿಯುವವರ ಕೈಯಲ್ಲಿ ಅದಕ್ಕೊಂದು ಜಾಗವಿದೆ. ಸಾಕಿದ ಹಾವಿಗೆ ಬಳಸಲೇಬೇಡಿ. ಹಿಡಿಯ ಒತ್ತಡ ಎಷ್ಟಾಯಿತೆಂದು ಕೈಗೆ ಗೊತ್ತಾಗುವುದಿಲ್ಲ, ಬೆನ್ನುಮೂಳೆಗೆ ಪೆಟ್ಟು ಬೀಳುತ್ತದೆ. ಜೊತೆಗೆ, ನೀವು ಬಂದಾಗಲೆಲ್ಲ ನೋವಾಗುತ್ತದೆ ಎಂಬ ಪಾಠವೊಂದನ್ನು ಹಾವು ಕಲಿಯುತ್ತದೆ.

ಕೊಕ್ಕೆ ಬಂದ ಮೇಲೆ ಅಭ್ಯಾಸ ಮಾಡಿಸುವ ಕ್ರಮವೇ ಮುಖ್ಯ. ಊಟ ಕೊಟ್ಟ ಮೇಲೆ ಕನಿಷ್ಠ 48 ಗಂಟೆ ಮುಟ್ಟಬಾರದು, ದೊಡ್ಡ ಇಲಿಯೋ ಮೊಲವೋ ಆದರೆ ಮೂರ್ನಾಲ್ಕು ದಿನ. ಮೊದಲೇ ಮುಟ್ಟಿದರೆ ನುಂಗಿದ್ದನ್ನು ಕಕ್ಕಬಹುದು, ಕಕ್ಕಿದ ಹಾವಿನ ಅನ್ನನಾಳಕ್ಕೆ ಜಠರದ ಆಮ್ಲದಿಂದ ಗಾಯವಾಗುತ್ತದೆ. ಕಣ್ಣು ಹಾಲುಬಣ್ಣಕ್ಕೆ ತಿರುಗಿ ಪೊರೆ ಬಿಡುವ ದಿನಗಳಲ್ಲೂ ಬಿಟ್ಟುಬಿಡಿ, ಆಗ ಅದಕ್ಕೆ ಕಣ್ಣು ಮಂಜು, ಎಲ್ಲಕ್ಕೂ ಬೆಚ್ಚುತ್ತದೆ. ಉಳಿದ ದಿನ ಸೋಪು ಹಾಕಿ ಕೈ ತೊಳೆದು ಬನ್ನಿ. ಇಲಿ, ಮೊಲ, ಕೋಳಿ ಮುಟ್ಟಿದ ವಾಸನೆ ಅಂಗಿಯ ತೋಳಲ್ಲಿ ಉಳಿದಿದ್ದರೂ ಸಾಕು, ಕೊಕ್ಕೆಯ ಮಾತಿಗೆ ಬೆಲೆ ಹೋಯಿತು.

ಬಾಗಿಲು ತೆರೆದು ಸುಮ್ಮನೆ ನಿಂತು ತಲೆ ಎಲ್ಲಿದೆ ನೋಡಿ. ತಲೆ ಕಾಣದೆ ಕೈ ಒಳಗೆ ಹೋಗಬಾರದು. ಕೊಕ್ಕೆಯನ್ನು ಮೇಲಿನಿಂದ ಇಳಿಸಬೇಡಿ, ಮೇಲಿನಿಂದ ಬರುವುದು ಹದ್ದು. ಪಕ್ಕದಿಂದ, ನೆಲಕ್ಕೆ ಸಮನಾಗಿ ತಂದು, ಬಾಗಿದ ಬೆನ್ನಿನ ಕಡೆಯಿಂದ ಮೈಯ ನಡುವಿಗೆ ತಾಗಿಸಿ ಬಾಲದ ಕಡೆಗೆ ಒಮ್ಮೆ ಸವರಿ. ಎರಡು ಮೂರು ಸೆಕೆಂಡು ಸಾಕು. ಊಟಕ್ಕೆ ಕಾದಿರುವ ಹಾವಿನ ಕುತ್ತಿಗೆ ಎಸ್ ಆಕಾರಕ್ಕೆ ಮಡಿದು, ತಲೆ ಬಾಗಿಲಿಗೇ ನೆಟ್ಟಿರುತ್ತದೆ, ನಾಲಿಗೆ ಪಟಪಟನೆ ಆಡುತ್ತದೆ, ಅಥವಾ ಪೂರ್ತಿ ನಿಂತೇಬಿಡುತ್ತದೆ. ಸವರಿದ ಮೇಲೆ ಅದು ಸಡಿಲಗೊಳ್ಳುವುದನ್ನು ಕಣ್ಣಾರೆ ನೋಡಬಹುದು: ಕುತ್ತಿಗೆಯ ಮಡಿಕೆ ಬಿಡುತ್ತದೆ, ಗದ್ದ ನೆಲಕ್ಕಿಳಿಯುತ್ತದೆ, ನಾಲಿಗೆ ನಿಧಾನವಾಗಿ ಉದ್ದಕ್ಕೆ ಬಂದು ಮೇಲೆ ಕೆಳಗೆ ಆಡಿ ಒಳಗೆ ಹೋಗುತ್ತದೆ. ಆಮೇಲೆ ಕೈ. ಮಡಿಕೆ ಬಿಡದಿದ್ದರೆ ಕೊಕ್ಕೆಯ ಬೆನ್ನಿನಿಂದ ತಲೆಯನ್ನು ಮೆಲ್ಲಗೆ ಆಚೆ ತಳ್ಳಿ ಒಂದು ನಿಮಿಷ ಕಾಯಿರಿ. ಆಗಲೂ ಇಲ್ಲವೆಂದರೆ ಬಾಗಿಲು ಹಾಕಿ, ನಾಳೆ ನೋಡೋಣ. ಬುಸುಗುಟ್ಟಿ ಮೈ ಬಿಗಿ ಮಾಡಿ ಹಿಂದೆ ಸರಿಯುವುದು ಹಸಿವಲ್ಲ, ಹೆದರಿಕೆ. ಅದಕ್ಕೆ ಮದ್ದು ಅವಸರ ಮಾಡದಿರುವುದೊಂದೇ.

ನೀರಿನ ಬಟ್ಟಲು ಬದಲಿಸಲು ಬಾಗಿಲು ತೆರೆದರೂ ಇದೇ ಕ್ರಮ. ಊಟದ ದಿನ ಮಾತ್ರ ಕೊಕ್ಕೆ ಒಳಗೆ ಹೋಗಬಾರದು. ಅಭ್ಯಾಸ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ: ಅದೇ ಕೊಕ್ಕೆಯಿಂದ ಇಲಿಯನ್ನೂ ಮುಂದಕ್ಕೆ ತಳ್ಳುತ್ತಾರೆ, ಅಥವಾ ಅಪ್ಪ ಪ್ರತಿ ಸಲ ಮುಟ್ಟಿಸಿ ತೆಗೆದರೆ ಮಗ ನೇರ ಕೈ ಹಾಕುತ್ತಾನೆ. ಒಂದು ಸಲ ಹೀಗೆ, ಒಂದು ಸಲ ಹಾಗೆ ಆದರೆ ಹಾವಿಗೆ ಕೊಕ್ಕೆಯಿಂದ ಯಾವ ಅರ್ಥವೂ ಸಿಗುವುದಿಲ್ಲ. ಇನ್ನು ಕೆಲವರು ಮೂತಿಗೆ ಟಪ್ಪೆಂದು ಬಡಿಯುತ್ತಾರೆ. ಅಂಥ ಹಾವು ಕೊಕ್ಕೆ ಕಂಡರೇ ಎರಗಲು ಶುರುಮಾಡುತ್ತದೆ, ಮತ್ತೆ ಅದನ್ನು ದಾರಿಗೆ ತರುವುದು ಬಹಳ ಕಷ್ಟ.

ಹಾವು ಕಲಿಯುತ್ತದೆಯೇ ಎಂದು ಕೇಳುವವರಿಗೆ: 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಡಿನಿಂದ ಹಿಡಿದ ಬರ್ಮೀಸ್ ಹೆಬ್ಬಾವುಗಳು ದೀಪ ಹತ್ತಿದ ಗುಂಡಿಯನ್ನು ಒತ್ತಿ ಊಟ ಪಡೆಯಲು ಕಲಿತವು. ಮನೆಯಲ್ಲೂ ಊಟಕ್ಕೊಂದು ಗುರುತು ಕಲಿಸಬಹುದು. ಕೋಲಿನ ತುದಿಗೆ ಬಿಳಿ ಪ್ಲಾಸ್ಟಿಕ್ ಚೆಂಡು ಸಿಕ್ಕಿಸಿ, ಇಲಿ ಕೊಡುವ ಮುಂಚೆ ಪ್ರತಿ ಸಲ ಗೂಡಿನ ಒಂದೇ ಮೂಲೆಯಲ್ಲಿ ತೋರಿಸಿ, ಹಾವು ಅದರ ಹತ್ತಿರ ಬಂದ ಮೇಲೆ ಇಲಿ ಕೊಡಿ. ಚೆಂಡು ಕಂಡರೆ ಊಟ, ಕೊಕ್ಕೆ ತಾಗಿದರೆ ಊಟವಿಲ್ಲ. ಎರಡೂ ಕಲಿತ ಹಾವು ಬಾಗಿಲು ತೆರೆದಾಗ ಮೈಮೇಲೆ ಬರುವುದು ಬಹಳ ಕಡಿಮೆಯಾಗುತ್ತದೆ. ಇಲಿ ಕೊಡಲು ರಬ್ಬರ್ ತುದಿಯ ಉದ್ದ ಟಾಂಗ್ಸ್ ಬೇಕು, ಬೋವಾಗೆ 90 ಸೆಂ.ಮೀ. ಫ್ರೀಜರಿನ ಇಲಿಯನ್ನು ರಾತ್ರಿ ಫ್ರಿಜ್ಜಿನಲ್ಲಿ ಕರಗಿಸಿ, ಕವರಿನಲ್ಲಿ ಕಟ್ಟಿ ಬಿಸಿನೀರಲ್ಲಿಟ್ಟು, ಹೊರಮೈ 38ರಿಂದ 40 ಡಿಗ್ರಿ ಆದಾಗ ಕೊಡಿ. ತಲೆಯ ಭಾಗ ಹೆಚ್ಚು ಬೆಚ್ಚಗಿದ್ದರೆ ಗುರಿ ತಪ್ಪುವುದಿಲ್ಲ. ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟು ಇದ್ದರೆ ಸರಿ. ಜೀವಂತ ಇಲಿ ಬೇಡ, ಅದು ಹಾವಿನ ಮೈಯನ್ನೇ ಕಚ್ಚಿ ಗಾಯ ಮಾಡುತ್ತದೆ.

ಇನ್ನು ಎತ್ತುವುದು. ಮುಂಭಾಗದ ಮೂರನೇ ಒಂದು ಪಾಲು ಕೊಕ್ಕೆಯ ಮೇಲೆ, ಹಿಂದಿನ ಮೈ ಕೈ ಮೇಲೆ. ಐದು ಕೆ.ಜಿ. ಹಾವನ್ನು ಒಂದೇ ಕೊಕ್ಕೆಯಿಂದ ತೂಗುಹಾಕಿದರೆ ಅದರ ಬೆನ್ನಿಗೂ ಕೊಕ್ಕೆಯ ಬೆಸುಗೆಗೂ ಒಳ್ಳೆಯದಲ್ಲ. ಆರಡಿ ದಾಟಿದ ಹಾವಿಗೆ ಇಬ್ಬರು ಇರಲೇಬೇಕು, ಆಮೇಲೆ ಪ್ರತಿ ನಾಲ್ಕೈದು ಅಡಿಗೆ ಇನ್ನೊಬ್ಬರು. ಎರಡನೆಯವರು ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದರೆ ಅವರು ಲೆಕ್ಕಕ್ಕಿಲ್ಲ. ಕೊರಳಿಗೆ ಹಾಕಿಕೊಳ್ಳುವುದು ಎಂದೂ ಬೇಡ, ಮಕ್ಕಳಿಗಂತೂ ಬೇಡವೇ ಬೇಡ. ಈ ಹಾವುಗಳ ಬಿಗಿತ ಉಸಿರಿಗಿಂತ ಮೊದಲು ರಕ್ತ ಓಡುವುದನ್ನೇ ತಡೆಯುತ್ತದೆ, ಕೊರಳಿನಲ್ಲಿ ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ತೋಳಿಗೆ ಸುತ್ತಿ ಬಿಗಿದರೆ ತಲೆಯ ಕಡೆಯಿಂದ ಎಳೆಯಬೇಡಿ. ಬಾಲದ ತುದಿ ಹಿಡಿದು ಅಲ್ಲಿಂದ ಒಂದೊಂದೇ ಸುತ್ತು ಬಿಚ್ಚಿ, ಅದರ ಬಲ ಕಡಿಮೆಯಿರುವುದು ಅಲ್ಲಿಯೇ. ಕಚ್ಚಿ ಹಿಡಿದರೆ ಕೈ ಕಿತ್ತುಕೊಳ್ಳಬೇಡಿ: ಹಲ್ಲುಗಳೆಲ್ಲ ಒಳಮುಖವಾಗಿ ಬಾಗಿರುತ್ತವೆ, ಎಳೆದಷ್ಟೂ ಚರ್ಮ ಹರಿದು ಹಲ್ಲು ಮುರಿದು ಗಾಯದಲ್ಲೇ ಉಳಿಯುತ್ತವೆ. ನಲ್ಲಿಯ ತಣ್ಣೀರು ಬಾಯಿಯ ಮೇಲೆ ಬಿಡಿ, ಇಲ್ಲವೇ ಹ್ಯಾಂಡ್ ಸ್ಯಾನಿಟೈಜರ್ ಎರಡು ಹನಿ ಬಾಯಂಚಿಗೆ ಹಾಕಿ. ಸಡಿಲಿಸಿದಾಗ ತಲೆಯನ್ನು ಸ್ವಲ್ಪ ಮುಂದಕ್ಕೆ ಒತ್ತಿ ಆಮೇಲೆ ಮೇಲೆತ್ತಿ. ಗಾಯವನ್ನು ಸೋಪುನೀರಲ್ಲಿ ಚೆನ್ನಾಗಿ ತೊಳೆದು ಟಿಟಿ ಇಂಜೆಕ್ಷನ್‌ಗೆ ಹೋಗಿ. ಆಸ್ಪತ್ರೆಯಲ್ಲಿ "ಹಾವು ಕಚ್ಚಿದೆ" ಎಂದಷ್ಟೇ ಹೇಳಬೇಡಿ, ವಿಷವಿಲ್ಲದ ಸಾಕಿದ ಬೋವಾ ಎಂದು ಹೇಳಿ ನೋಂದಣಿ ಪತ್ರದ ಫೋಟೋ ತೋರಿಸಿ. ನಮ್ಮಲ್ಲಿ ಕೊಡುವ ವಿಷನಿರೋಧಕ ಇರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ. ಬೇಡದವರಿಗೆ ಅದನ್ನು ಕೊಟ್ಟರೆ ಅಲರ್ಜಿಯ ಅಪಾಯವೇ ದೊಡ್ಡದು.

ಕೊಕ್ಕೆಗಿಂತ ಹೆಚ್ಚು ದುಡ್ಡು ಎರಡು ಕಡೆ ಹೋಗಬೇಕು. ಒಂದು, ಬೀಗ. 2009ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಗೂಡಿನಿಂದ ಹೊರಬಂದ ಎಂಟೂವರೆ ಅಡಿಯ ಬರ್ಮೀಸ್ ಹೆಬ್ಬಾವು ಎರಡು ವರ್ಷದ ಮಗುವನ್ನು ಕೊಂದಿತು. ಅದಕ್ಕೆ ಸರಿಯಾಗಿ ಊಟವನ್ನೂ ಹಾಕಿರಲಿಲ್ಲ. ಜಾರುವ ಗಾಜಿನ ಬಾಗಿಲಿಗೆ ಶೋಕೇಸಿನ ಬೀಗ, ಕೋಣೆಯ ಬಾಗಿಲಿಗೆ ಇನ್ನೊಂದು, ಬಾಗಿಲ ಕೆಳಗಿನ ಸಂದಿಗೆ ಪಟ್ಟಿ. ಎರಡು, ಗೂಡಿನ ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟ್. ಡಿಸೆಂಬರ್, ಜನವರಿಯ ಮೈಸೂರಿನ ರಾತ್ರಿ 15, 16 ಡಿಗ್ರಿಗೆ ಇಳಿಯುತ್ತದೆ. ಹಾವಿಗೆ ತಂಪು ಬದಿಯಲ್ಲೂ 25, ಬೆಚ್ಚಗಿನ ಬದಿಯಲ್ಲಿ 31, 32 ಬೇಕು. ಚಳಿಗೆ ಸಿಕ್ಕ ಹಾವಿಗೆ ಊಟ ಜೀರ್ಣವಾಗದೆ, ಮೂಗಲ್ಲಿ ಗುಳ್ಳೆ ಬಂದು, ಬಾಯಿ ತೆರೆದು ಉಸಿರಾಡುತ್ತದೆ. ಮೊಟ್ಟೆ ಮರಿ ಮಾಡುವ ಇನ್‌ಕ್ಯುಬೇಟರ್‌ಗಳಲ್ಲಿ ಬಳಸುವ ಎಸ್‌ಟಿಸಿ 1000 ಥರ್ಮೋಸ್ಟಾಟ್ ಈ ಕೆಲಸಕ್ಕೆ ಸಾಕು: ಅದರ ಎಫ್1 ಸೆಟ್ಟಿಂಗಿನಲ್ಲಿ ಬೇಕಾದ ಶಾಖ 31, ಎಫ್2ರಲ್ಲಿ 1 ಡಿಗ್ರಿ ಅಂತರ, ಸೆನ್ಸರನ್ನು ಹಾವು ಮಲಗುವ ಮಟ್ಟದಲ್ಲೇ ಟೈ ಹಾಕಿ ಕಟ್ಟಬೇಕು. ಹಾವು ಅದನ್ನು ಕದಲಿಸಿ ತಂಪು ಬದಿಗೆ ತಳ್ಳಿದರೆ ಹೀಟರ್ ಆರುವುದೇ ಇಲ್ಲ. ವೈರಿಂಗ್ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಹೀಟರಿಗೆ ಜಾಲರಿ ಹಾಕಿಸಿ. ಏಪ್ರಿಲಿನಲ್ಲಿ ತಾರಸಿಯ ಶೀಟಿನ ಕೋಣೆಯಲ್ಲಿಟ್ಟರೆ ಯಾವ ಥರ್ಮೋಸ್ಟಾಟೂ ಕಾಪಾಡುವುದಿಲ್ಲ.

ಕೊಕ್ಕೆಯನ್ನು ಬಳಸಿದ ಮೇಲೆ ಸೋಪಿನಿಂದ ತೊಳೆದು, ಸೋಂಕುನಾಶಕ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಒರೆಸಿ ಒಣಗಿಸಿ. ಹಾವಿನ ಮೈಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ, ಆದ್ದರಿಂದ ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವಂತಿಲ್ಲ, ಐದು ವರ್ಷದೊಳಗಿನ ಮಕ್ಕಳ ಕೈಗೆ ಹಾವನ್ನೂ ಕೊಕ್ಕೆಯನ್ನೂ ಕೊಡುವಂತಿಲ್ಲ. ಹೊಸ ಹಾವು ಬಂದರೆ ಅದಕ್ಕೆ ಬೇರೆ ಕೊಕ್ಕೆ ಇರಲಿ. ಮೈಯ ಹುರುಪೆ ಸಂದಿಯಲ್ಲಿ ಕೂರುವ, ರಕ್ತ ಹೀರುವ ಸಣ್ಣ ಕಪ್ಪು ಮೈಟ್‌ಗಳು ಒಂದು ಗೂಡಿನಿಂದ ಇನ್ನೊಂದಕ್ಕೆ ಕೊಕ್ಕೆಯ ಮೇಲೇ ದಾಟುತ್ತವೆ. ಮಾಡಿಸುವಾಗಲೇ ಎರಡು ಮಾಡಿಸಿ, ಹಿಡಿಗೆ ಬೇರೆ ಬೇರೆ ಬಣ್ಣದ ಟೇಪು ಸುತ್ತಿಡಿ.